ಡೇಟಾ ವರ್ಗಾವಣೆ: 2 ದಿನ

ನನ್ನ ಲ್ಯಾಪ್‌ಟಾಪಿನಲ್ಲಿ 2018ರ ಒಂದು ಎಕ್ಸೆಲ್ ಫೈಲ್ ಇದೆ, ಒಂದು ಆ್ಯಪ್ ಮಾಡಲು ಎಷ್ಟು ದಿನ ಬೇಕು ಅನ್ನುವ ಅಂದಾಜಿನದು. ಅಳಿಸಿ ಹಾಕಲು ಮನಸ್ಸು ಬಂದಿಲ್ಲ. ಅದರಲ್ಲಿರುವುದು ಐದೇ ಸಾಲು. ಸ್ಕ್ರೀನ್‌ಗಳು, 35 ದಿನ. ಸರ್ವರ್ ಕೆಲಸ, 20 ದಿನ. ಪ್ರಿಂಟರ್, 3 ದಿನ. ಡೇಟಾ ವರ್ಗಾವಣೆ, 2 ದಿನ. ಟೆಸ್ಟಿಂಗ್, 10 ದಿನ. ಒಟ್ಟು 70. ಕೆಳಗೆ ಹಳದಿ ಬಣ್ಣದಲ್ಲಿ ಬಫರ್, ಅಂದರೆ ಹೆಚ್ಚುಕಡಿಮೆ ಆದರೆ ಇರಲಿ ಅಂತ ಸೇರಿಸುವ ದಿನ, 20 ಪರ್ಸೆಂಟ್. ಅಲ್ಲಿಗೆ 84 ದಿನ. ದಿನಕ್ಕೆ 5,000ದ ಲೆಕ್ಕದಲ್ಲಿ 4,20,000 ರೂಪಾಯಿ.

ಈ ಐದು ಸಾಲು ಬರೆಯಲು ಹಿಡಿದದ್ದು ಒಂದು ಸಂಜೆ. ತೀರಿಸಲು ಹಿಡಿದದ್ದು ಹೆಚ್ಚುಕಡಿಮೆ ಒಂದು ವರ್ಷ.

ಆಗ ನಾವು ಮೂರು ಜನ. ಜೊತೆಗೆ ಅರ್ಧ ದಿನ ಟೆಸ್ಟಿಂಗ್‌ಗೆ ಬರುತ್ತಿದ್ದ ಒಬ್ಬ ಹುಡುಗಿ. ವಿಜಯನಗರದಲ್ಲಿ ಒಂದು ಮನೆಯ ಮೊದಲ ಮಹಡಿಯೇ ಆಫೀಸು. ದೊಡ್ಡ ಕಂಪನಿ ಬಿಟ್ಟು ಸ್ವಂತದ್ದು ಶುರು ಮಾಡಿ ಎರಡು ವರ್ಷವಾಗಿತ್ತು. ಗಿರಾಕಿ ನಮ್ಮೂರ ಕಡೆಯ ಒಂದು ಸಹಕಾರಿ ಸಂಘ. ಅವರಿಗೆ ಪಿಗ್ಮಿ ಆ್ಯಪ್ ಬೇಕಿತ್ತು.

ಪಿಗ್ಮಿ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಸಂಸ್ಥೆ 1928ರಲ್ಲಿ ತಂದ ಉಳಿತಾಯ ಯೋಜನೆ ಅದು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಬಾಗಿಲಿಗೇ ಬಂದು ಒಯ್ಯುತ್ತಿದ್ದ. ತೊಂಬತ್ತು ವರ್ಷ ಕಳೆದರೂ ಕೆಲಸ ಅದೇ. ಅಂಗಡಿಯಿಂದ ಅಂಗಡಿಗೆ ಹೋಗು, ಐವತ್ತೋ ನೂರೋ ಇಸಿದುಕೋ, ಚೀಟಿ ಕೊಡು, ಸಂಜೆ ಸಂಘಕ್ಕೆ ಕಟ್ಟು. ಇದಕ್ಕೊಂದು ಆ್ಯಪ್ ಮಾಡುವುದು ಏನು ಮಹಾ ಅಂತ ಸಂಘದವರಿಗೂ ಅನಿಸಿತು, ನನಗೂ ಅನಿಸಿತು.

"ಡೇಟಾ ಎಲ್ಲಾ ಕಂಪ್ಯೂಟರಲ್ಲೇ ಇದೆ ಸರ್" ಅಂದಿದ್ದರು ಸೆಕ್ರೆಟರಿ. ಸುಳ್ಳೇನಲ್ಲ. ಕಂಪ್ಯೂಟರಲ್ಲೇ ಇತ್ತು. ನಾನು ಎರಡು ದಿನ ಅಂತ ಬರೆದುಕೊಂಡೆ.

ಅಡ್ವಾನ್ಸ್ ಬಂದ ಮೇಲೆ ಫೈಲ್ ತೆರೆದು ನೋಡಿದರೆ ಒಂದು ಅಕ್ಷರ ಕನ್ನಡ ಇಲ್ಲ. ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಇರುವ ಎ, ನಡುವೆ ಪೌಂಡ್ ಚಿಹ್ನೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದವರಿಗೆಲ್ಲ ಈ ಚಿತ್ರ ಗೊತ್ತು. ಆ ಫಾಂಟ್ ಹಾಕಿ ನೋಡಿದರೆ ಕನ್ನಡ, ತೆಗೆದರೆ ಕಸ. ಯಾವ ಫಾಂಟ್ ಹಾಕಿದರೂ ಕನ್ನಡ ಕನ್ನಡವಾಗಿಯೇ ಉಳಿಯುವ ಪದ್ಧತಿ ಯೂನಿಕೋಡ್. ಯೂನಿಕೋಡ್‌ಗೆ ಬದಲಾಯಿಸುವ ಪ್ರೋಗ್ರಾಂಗಳು ಪುಕ್ಕಟೆ ಸಿಗುತ್ತವೆ. ಒಂದನ್ನು ಹಾಕಿದೆವು. ಬಹುಪಾಲು ಹೆಸರು ಸರಿ ಬಂದವು. ಪಾರ್ವತಿ, ದುರ್ಗಪ್ಪ, ಶರ್ಮ ಕೈಕೊಟ್ಟರು. ಅರ್ಕಾವತ್ತು ನೋಡಿ. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಬಾಯಲ್ಲಿ ಹೇಳುವ ಹಾಗೆ ರಕಾರ ಮೊದಲು ಬರಬೇಕು. ಅದನ್ನೂ ಸರಿ ಮಾಡಿದೆವು. ಆಮೇಲೆ ಗೊತ್ತಾಯಿತು, ಎಲ್ಲವೂ ನುಡಿ ಅಲ್ಲ. ನಡುವೆ ಇನ್ನೊಬ್ಬ ಗುಮಾಸ್ತರು ಇದ್ದ ನಾಲ್ಕು ವರ್ಷ ಶ್ರೀಲಿಪಿ. ಅವರು ರಜೆ ಹಾಕಿದ ದಿನ ಬಂದವರು ಇಂಗ್ಲಿಷಿನಲ್ಲೇ ಹೊಡೆದಿದ್ದಾರೆ. ಯಾವ ಸಾಲು ಯಾವ ಫಾಂಟ್ ಅಂತ ಎಲ್ಲೂ ಗುರುತಿಲ್ಲ.

ಹಾಗಂತ ಅಂದಾಜಿನ ಮೇಲೆ ಬಿಡುವಂತೆಯೂ ಇರಲಿಲ್ಲ. ದುಡ್ಡಿನ ಖಾತೆ. ಹೆಸರು ತಪ್ಪಿದರೆ ನಾಳೆ ನಾಮಿನಿ ಬಂದು ಜಗಳ ತೆಗೆಯುತ್ತಾನೆ. ಕೊನೆಗೆ ಸಂಘದ ಹಿಂದಿನ ಕೋಣೆಯಲ್ಲಿ ಇಬ್ಬರು ಗುಮಾಸ್ತರ ಜೊತೆ ಕೂತು ಲೆಡ್ಜರ್ ಓದಿಸಿ ಒಂದೊಂದೇ ಹೆಸರು ತಾಳೆ ಹಾಕಿದೆವು. ಎರಡು ದಿನದ ಕೆಲಸಕ್ಕೆ 26 ದಿನ ಹಿಡಿಯಿತು.

ಪ್ರಿಂಟರಿನದು ಇನ್ನೊಂದು ಕಥೆ. ಏಜೆಂಟರ ಸೊಂಟದಲ್ಲಿ ತೂಗುವ ಸಣ್ಣ ಬ್ಲೂಟೂತ್ ಥರ್ಮಲ್ ಪ್ರಿಂಟರಿಗೆ ಇಂಗ್ಲಿಷ್ ಅಕ್ಷರ ಮಾತ್ರ ಗೊತ್ತು. ಕನ್ನಡ ಬೇಕೆಂದರೆ ಇಡೀ ಚೀಟಿಯನ್ನು ಚಿತ್ರ ಮಾಡಿ ಕಳಿಸಬೇಕು. ಚಿತ್ರ ಅಂದರೆ ನಿಧಾನ. ನಮ್ಮ ಮೇಜಿನ ಮೇಲೆ ಒಂದು ಚೀಟಿಗೆ ಒಂಬತ್ತು ಸೆಕೆಂಡ್ ಆಗುತ್ತಿತ್ತು. ನಮಗದು ಪರವಾಗಿಲ್ಲ ಅನಿಸಿತು. ದಿನಕ್ಕೆ ಇನ್ನೂರು ಅಂಗಡಿ ಹತ್ತುವವನಿಗೆ ಅದು ಅರ್ಧ ಗಂಟೆ. ಹೋಟೆಲಿನ ಗಲ್ಲಾದ ಮುಂದೆ ಊಟ ಮುಗಿಸಿದವರು ಬಿಲ್ಲಿಗೆ ನಿಂತಿರುವಾಗ ಒಂಬತ್ತು ಸೆಕೆಂಡ್ ಎಷ್ಟು ಉದ್ದ ಅನ್ನುವುದನ್ನು ನಾನು ಒಬ್ಬ ಏಜೆಂಟರ ಹಿಂದೆ ಒಂದು ಸಂಜೆ ಓಡಾಡಿ ಕಲಿತೆ. ಪ್ರತಿಯೊಬ್ಬರ ಹೆಸರನ್ನೂ ಮೊದಲೇ ಚಿತ್ರ ಮಾಡಿ ಫೋನಿನಲ್ಲಿ ಇಟ್ಟುಕೊಳ್ಳುವ ಉಪಾಯ ಹೊಳೆಯುವ ಹೊತ್ತಿಗೆ 3 ದಿನ 17 ಆಗಿತ್ತು.

ಇವೆರಡಾದರೂ ಹಾಳೆಯಲ್ಲಿ ಇದ್ದವು. ಹಾಳೆಯಲ್ಲೇ ಇಲ್ಲದ ಎರಡು ಸಂಗತಿ ಇದ್ದವು. ಒಂದು, ಪ್ರಯಾಣ ಮತ್ತು ಮೀಟಿಂಗು. ರಾತ್ರಿ ಬಸ್ಸಿನಲ್ಲಿ ಹೋಗುವುದು, ಅಧ್ಯಕ್ಷರು ಸಿಗದೆ ಮಧ್ಯಾಹ್ನದವರೆಗೆ ಕಾಯುವುದು, ಮರಳಿ ಬರುವುದು, 19 ದಿನ. ಇನ್ನೊಂದು ಸಿಂಕ್, ಅಂದರೆ ನೆಟ್‌ವರ್ಕ್ ಇಲ್ಲದಾಗ ಫೋನಿನಲ್ಲಿ ಉಳಿದ ಎಂಟ್ರಿಗಳನ್ನು ಆಮೇಲೆ ಸರ್ವರಿಗೆ ಸೇರಿಸುವುದು. "ನೆಟ್‌ವರ್ಕ್ ಇಲ್ಲದಿದ್ರೂ ಕೆಲಸ ಮಾಡುತ್ತೆ ಅಲ್ವಾ?" ಅಂತ ಒಬ್ಬ ಏಜೆಂಟ್ ಮೂರನೇ ತಿಂಗಳು ಕೇಳಿದರು. ನಾವು ಅಲ್ಲಿಯವರೆಗೆ ಡೆಮೊ ಕೊಟ್ಟಿದ್ದೆಲ್ಲ ಸಂಘದ ವೈಫೈನಲ್ಲಿ. ಅವರ ದಾರಿಯಲ್ಲಿ ಎರಡು ಘಟ್ಟದ ತಿರುವು, ಒಂದು ನೆಲಮಾಳಿಗೆಯ ಮಾರುಕಟ್ಟೆ. ಅದಕ್ಕೆ 31 ದಿನ.

ಮತ್ತೆ ಆ ನಿಯಮ. ಒಂದು ಖಾತೆಗೆ ಒಂದು ದಿನಕ್ಕೆ ಒಂದೇ ಎಂಟ್ರಿ ಅಂತ ನಾವೇ ಒಂದು ಬೇಲಿ ಹಾಕಿದ್ದೆವು. ಎರಡು ಸಲ ಹೊಡೆದು ಮೋಸ ಆಗದಿರಲಿ ಅಂತ. ಡೆಮೊದಲ್ಲಿ ಎದೆ ಉಬ್ಬಿಸಿ ತೋರಿಸಿದ್ದೆ ಕೂಡ. ಮೊದಲ ವಾರವೇ ಏಜೆಂಟರು ಆ್ಯಪ್ ಮುಚ್ಚಿ ಹಳೆಯ ಪುಸ್ತಕ ಹಿಡಿದರು. ಯಾಕೆ ಅಂದರೆ ಅಂಗಡಿಯವನು ಊರಲ್ಲಿ ಇಲ್ಲದ ದಿನ ಏಜೆಂಟ್ ತನ್ನ ಜೇಬಿನಿಂದಲೇ ಕಟ್ಟಿಬಿಡುತ್ತಾನೆ. ಖಾತೆ ತಪ್ಪಬಾರದು ಅಂತ. ಮರುದಿನ ಅಂಗಡಿಯವನು ಎರಡು ದಿನದ್ದು ಕೊಡುತ್ತಾನೆ, ಕೆಲವೊಮ್ಮೆ ಮೂರು ದಿನದ್ದು. ಇದು ಯಾವ ಕಾಗದದಲ್ಲೂ ಇಲ್ಲ. "ಅದು ಎಲ್ಲರಿಗೂ ಗೊತ್ತಿರೋದೇ ಅಲ್ವಾ ಸರ್" ಅಂದರು ಸೆಕ್ರೆಟರಿ.

ಎಲ್ಲರಿಗೂ ಗೊತ್ತಿತ್ತು, ಹೌದು. ನಮ್ಮ ಆಫೀಸಿನಲ್ಲೂ ಒಬ್ಬರಿಗೆ ಗೊತ್ತಿತ್ತು. ಟೆಸ್ಟಿಂಗ್‌ಗೆ ಬರುತ್ತಿದ್ದ ಹುಡುಗಿಯ ಅಪ್ಪ ಇಪ್ಪತ್ತು ವರ್ಷ ಪಿಗ್ಮಿ ಕಲೆಕ್ಟರ್ ಆಗಿದ್ದವರು. "ಅಪ್ಪ ಹಬ್ಬದ ವಾರ ನಮ್ಮನೆ ದುಡ್ಡೇ ಹಾಕ್ತಿದ್ರು, ಅಮ್ಮ ಬೈತಿದ್ರು" ಅಂದಳು, ಎಲ್ಲಾ ಆದ ಮೇಲೆ. ಮೊದಲೇ ಯಾಕೆ ಹೇಳಲಿಲ್ಲ ಅಂದರೆ, "ನೀವು ಕೇಳ್ಲಿಲ್ಲ." ಎಸ್ಟಿಮೇಟ್ ಮಾಡಿದ ಸಂಜೆ ನಾವು ಮೂವರೇ ಕೂತಿದ್ದೆವು. ಅವಳು ಪಕ್ಕದ ಕೋಣೆಯಲ್ಲೇ ಇದ್ದಳು.

ಕಾರ್ಡ್ ಹಿಡಿದು ಅಂದಾಜು ಮಾಡುವ ಪ್ಲ್ಯಾನಿಂಗ್ ಪೋಕರ್ ಅಂತ ಒಂದು ಪದ್ಧತಿ ಇದೆ. 2002ರಲ್ಲಿ ಜೇಮ್ಸ್ ಗ್ರೆನಿಂಗ್ ಶುರು ಮಾಡಿದ್ದು. ಎಲ್ಲರೂ ಒಟ್ಟಿಗೆ ಕಾರ್ಡ್ ತೋರಿಸಬೇಕು. ಒಬ್ಬರು 3 ಅಂದು ಇನ್ನೊಬ್ಬರು 13 ಅಂದರೆ ಆ ಇಬ್ಬರೂ ಯಾಕೆ ಅಂತ ಹೇಳಬೇಕು. ಬಹಳ ಕಂಪನಿಗಳಲ್ಲಿ ಇದು ಸೋಮವಾರದ ಪೂಜೆಯ ಹಾಗೆ ನಡೆಯುತ್ತದೆ, ಮ್ಯಾನೇಜರ್ ಮುಖ ನೋಡಿ ಎಲ್ಲರೂ 5 ಎತ್ತುತ್ತಾರೆ. ಆದರೆ ಅದರ ಜೀವ ಇರುವುದು ಆ 13ರಲ್ಲಿ. ನಮ್ಮ ಮನೆಯಲ್ಲಿ 13 ಎತ್ತಬಲ್ಲವಳು ಇದ್ದಳು, ಕೈಗೆ ಕಾರ್ಡ್ ಕೊಟ್ಟವರಿಲ್ಲ.

ಮುಗಿದ ಮೇಲೆ ಒಂದು ದಿನ ಕೂತು ಹಳೆಯ ಹಾಳೆಯ ಪಕ್ಕದಲ್ಲಿ ನಿಜವಾದ ದಿನಗಳನ್ನು ಬರೆದೆ. ಸ್ಕ್ರೀನ್‌ಗಳು 35ರ ಬದಲು 41. ಸರ್ವರ್ 20ರ ಬದಲು 24. ಟೆಸ್ಟಿಂಗ್ 22. ಪ್ರಿಂಟರ್ 17, ಡೇಟಾ 26, ಸಿಂಕ್ 31, ಓಡಾಟ 19. ಒಟ್ಟು 180.

ಈ ಲೆಕ್ಕವನ್ನು ನಾನು ಬಹಳ ಹೊತ್ತು ನೋಡುತ್ತಾ ಕೂತಿದ್ದೆ. ನಾವು ತಲೆ ಕೆಡಿಸಿಕೊಂಡು ಅಳೆದದ್ದು ಸ್ಕ್ರೀನ್ ಮತ್ತು ಸರ್ವರ್. ಒಂದೊಂದು ಬಟನ್ ಎಣಿಸಿದ್ದೆವು. ಆ ಎರಡೂ ಸೇರಿ ತಪ್ಪಿದ್ದು ಬರೀ 10 ದಿನ. ಅಳೆಯುವ ಕೆಲಸ ನಮಗೆ ಚೆನ್ನಾಗಿಯೇ ಬರುತ್ತಿತ್ತು. ಹೆಚ್ಚಾದ 110 ದಿನದಲ್ಲಿ 38 ಬಂದದ್ದು "ಅದೇನು ಸಣ್ಣದು" ಅಂತ ಬಿಟ್ಟ ಎರಡು ಸಾಲಿನಿಂದ. 50 ದಿನ, ನಾವು ಬರೆಯದೇ ಇದ್ದ ಸಾಲುಗಳಿಂದ. 20 ಪರ್ಸೆಂಟ್ ಬಫರ್ ಅಂತ ಹಾಕಿದ್ದೆವಲ್ಲ, ಅದು ಇದ್ದ ಸಾಲುಗಳ ಮೇಲಿನ 20 ಪರ್ಸೆಂಟ್. ಇಲ್ಲದ ಸಾಲಿನ ಮೇಲೆ ಎಷ್ಟು ಪರ್ಸೆಂಟ್ ಹಾಕಿದರೂ ಸೊನ್ನೆಯೇ.

ಊರಲ್ಲಿ, ತೀರ್ಥಹಳ್ಳಿ ಕಡೆ, ಅಡಿಕೆ ತೋಟವನ್ನು ಚೇಣಿಗೆ ಕೊಡುವುದುಂಟು. ಫಸಲು ಇನ್ನೂ ಮರದ ಮೇಲಿರುವಾಗಲೇ ಚೇಣಿದಾರ ಬಂದು ತೋಟ ಸುತ್ತುತ್ತಾನೆ. ನಾನು ಚಿಕ್ಕವನಿದ್ದಾಗ ನಮ್ಮ ತೋಟಕ್ಕೆ ಬರುತ್ತಿದ್ದವನು ಗೊನೆ ಎಣಿಸುತ್ತಿರಲಿಲ್ಲ. ಕತ್ತು ಮೇಲೆತ್ತಿ, ಬಾಯಲ್ಲಿ ಎಲೆ ಅಡಿಕೆ ಜಗಿಯುತ್ತಾ, ಸಾಲಿನಿಂದ ಸಾಲಿಗೆ ಸುಮ್ನೆ ನಡೆಯುತ್ತಿದ್ದ. ಕಾಲುವೆಯ ಹತ್ತಿರ ಒಮ್ಮೆ ನಿಲ್ಲುತ್ತಿದ್ದ. ಜಗಲಿಗೆ ಬಂದು ಇಷ್ಟು ಕ್ವಿಂಟಾಲ್ ಅಂತ ಹೇಳುತ್ತಿದ್ದ. ಅಪ್ಪ ಅದಕ್ಕಿಂತ ಜಾಸ್ತಿ ಹೇಳುತ್ತಿದ್ದರು. ಕಾಫಿ ಕುಡಿಯುವಷ್ಟರಲ್ಲಿ ನಡುವೆ ಎಲ್ಲೋ ಬಂದು ನಿಲ್ಲುತ್ತಿತ್ತು. ಕೊಯ್ಲು ಆದಾಗ ಅವನ ಮಾತು ಹೆಚ್ಚು ತಪ್ಪುತ್ತಿರಲಿಲ್ಲ.

ದೊಡ್ಡ ಕಂಪನಿಯಲ್ಲಿದ್ದಾಗ ಸಾಫ್ಟ್‌ವೇರ್ ಅಂದಾಜೂ ಇದೇ ತರದ ವಿದ್ಯೆ, ಅನುಭವ ಬಂದರೆ ಬರುತ್ತದೆ ಅಂದುಕೊಂಡಿದ್ದೆ. ಈಗ ಅಷ್ಟು ಧೈರ್ಯವಾಗಿ ಹೇಳಲಾರೆ. ಅವನು ನೋಡುತ್ತಿದ್ದದ್ದು ಹಿಂದಿನ ವರ್ಷ ನೋಡಿದ ತೋಟವನ್ನೇ. ಕಾಲುವೆ ಹತ್ತಿರ ನಿಲ್ಲುತ್ತಿದ್ದದ್ದು ಅಲ್ಲಿ ನೀರು ನಿಂತರೆ ಮರ ಸೊರಗುತ್ತದೆ ಅಂತ ಗೊತ್ತಿದ್ದಕ್ಕೆ. ಮುಖ್ಯವಾಗಿ, ಬೆಲೆ ಮಾತಾಡಿದ ಮೇಲೆ ಅಪ್ಪ "ಆ ಕಡೆಯ ನೂರು ಮರ ತೆಂಗು ಆಗಲಿ, ಅದೇ ರೇಟಿಗೆ" ಅಂತ ಹೇಳುವ ಹಾಗಿರಲಿಲ್ಲ. ನಮ್ಮಲ್ಲಿ ಹೇಳುತ್ತಾರೆ. ಅದಕ್ಕೆ ಚೇಂಜ್ ರಿಕ್ವೆಸ್ಟ್ ಅಂತ ಹೆಸರೂ ಇದೆ. ಮಳೆ ಹಿಡಿದು ಕೊಳೆ ಬಂದ ವರ್ಷ ಮಾತ್ರ ಚೇಣಿದಾರನ ಲೆಕ್ಕವೂ ನೆಲಕ್ಕೆ ಉದುರುತ್ತಿತ್ತು. ಆದರೆ ಮಲೆನಾಡಿನಲ್ಲಿ ಕೊಳೆ ಅನ್ನುವ ಸಾಲು ಎಲ್ಲರ ಹಾಳೆಯಲ್ಲೂ ಇರುತ್ತದೆ.

ಈ ವಿಷಯದ ಮೇಲೆ ತಲೆ ಕೆಡಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಅಮೆರಿಕದ ಬ್ಯಾರಿ ಬೋಮ್ 1981ರಲ್ಲಿ 63 ಪ್ರಾಜೆಕ್ಟ್‌ಗಳ ಲೆಕ್ಕ ಇಟ್ಟುಕೊಂಡು ಕೊಕೊಮೊ ಅನ್ನುವ ಸೂತ್ರ ಕೊಟ್ಟರು. ಪ್ರೋಗ್ರಾಂ ಎಷ್ಟು ಸಾವಿರ ಸಾಲು ಅಂತ ಹೇಳಿ, ಎಷ್ಟು ಜನ-ತಿಂಗಳು ಬೇಕು ಅಂತ ಅದು ಹೇಳುತ್ತದೆ. ಒಬ್ಬರು ಒಂದು ತಿಂಗಳು ಮಾಡುವ ಕೆಲಸ ಅಂದರೆ ಒಂದು ಜನ-ತಿಂಗಳು. ಅದರಲ್ಲಿ ನನಗೆ ಇಷ್ಟವಾಗುವುದು ಘಾತದ ಜಾಗದಲ್ಲಿರುವ ಸಂಖ್ಯೆ. ಸರಳ ಪ್ರಾಜೆಕ್ಟಿಗೆ 1.05, ಯಂತ್ರದ ಜೊತೆ ಹೊಂದಿಕೊಂಡು ಓಡಬೇಕಾದ ಬಿಗಿ ಪ್ರಾಜೆಕ್ಟಿಗೆ 1.20. ಒಂದಕ್ಕಿಂತ ಜಾಸ್ತಿ. ಅಂದರೆ ಗಾತ್ರ ಎರಡರಷ್ಟಾದರೆ ಶ್ರಮ ಎರಡರಷ್ಟಕ್ಕೆ ನಿಲ್ಲುವುದಿಲ್ಲ. ಬಿಗಿ ಪ್ರಾಜೆಕ್ಟಿನಲ್ಲಿ ಅದು 2.3ರಷ್ಟಾಗುತ್ತದೆ. ಮೇಸ್ತ್ರಿಗೆ ಚದರಕ್ಕೆ ಇಷ್ಟು ಅಂತ ರೇಟು ಕಟ್ಟುವ ಹಾಗೆ ಸ್ಕ್ರೀನಿಗೆ ಇಷ್ಟು ಅಂತ ಕಟ್ಟಲು ಹೋದವರು ಸೋಲುವುದು ಇದಕ್ಕೇ. ತೊಂದರೆ ಏನೆಂದರೆ, ಎಷ್ಟು ಸಾವಿರ ಸಾಲು ಅಂತ ನಿಖರವಾಗಿ ಹೇಳಬೇಕಾದರೆ ಪ್ರೋಗ್ರಾಂ ಬರೆದು ಮುಗಿಸಿರಬೇಕು.

ಬೋಮ್ ಇನ್ನೊಂದು ಮಾತು ಹೇಳಿದ್ದರು. ಕೆಲಸದ ಬಗ್ಗೆ ಬರೀ ಮಾತು ನಡೆಯುತ್ತಿರುವ ಹಂತದಲ್ಲಿ ಅಂದಾಜು ನಾಲ್ಕು ಪಟ್ಟು ಕಡಿಮೆಯೂ ಇರಬಹುದು, ನಾಲ್ಕು ಪಟ್ಟು ಜಾಸ್ತಿಯೂ ಇರಬಹುದು. ನಮ್ಮ 70 ದಿನ 180 ಆದದ್ದು ಎರಡೂವರೆ ಪಟ್ಟು ಮಾತ್ರ. ಮರ್ಯಾದೆ ಉಳಿಯಿತು ಅಂತ ಸಮಾಧಾನ ಮಾಡಿಕೊಳ್ಳಬಹುದು.

ಕಡಿಮೆಯ ಕಡೆಗೇ ಯಾಕೆ ತಪ್ಪುತ್ತೇವೆ ಅನ್ನುವುದಕ್ಕೆ ನನಗೆ ಸಿಕ್ಕ ಉತ್ತರ ಸಾಫ್ಟ್‌ವೇರಿನದಲ್ಲ. ಕೆನಡಾದ ರೋಜರ್ ಬ್ಯೂಲರ್ ಮತ್ತು ಜೊತೆಗಾರರು 1994ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳನ್ನು ನಿಮ್ಮ ಪ್ರಬಂಧ ಯಾವಾಗ ಮುಗಿಯುತ್ತದೆ ಅಂತ ಕೇಳಿದರು. ಸರಾಸರಿ 33.9 ದಿನ ಅಂದರು. ಎಲ್ಲವೂ ಕೆಟ್ಟರೆ ಎಷ್ಟಾಗಬಹುದು ಅಂದರೆ 48.6 ಅಂದರು. ನಿಜವಾಗಿ ಆದದ್ದು 55.5. ಎಲ್ಲವೂ ಕೆಟ್ಟರೆ ಅಂತ ಕಣ್ಣು ಮುಚ್ಚಿ ಯೋಚಿಸಿದಾಗಲೂ ನಮ್ಮ ಕಲ್ಪನೆಗೆ ಬರುವುದು ನಮಗೆ ಗೊತ್ತಿರುವ ಕೇಡು ಮಾತ್ರ. ಶ್ರೀಲಿಪಿ ಗುಮಾಸ್ತರು ಅಲ್ಲಿ ಬರುವುದಿಲ್ಲ.

ದುಡ್ಡಿನ ಮಾತಿಗೆ ಬರೋಣ. 4,20,000ದ ಕೊಟೇಶನ್ ಹಿಡಿದುಕೊಂಡು ಹೋದಾಗ ಅಧ್ಯಕ್ಷರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. "ನಮ್ಮೂರ ಹುಡುಗ ನೀನು. ಒಂದು ರೌಂಡ್ ಫಿಗರ್ ಹೇಳು." ನಾಲ್ಕು ಅಂದೆ. ಮೂರೂವರೆ ಅಂದರು. ಬಾಳೆಹಣ್ಣು, ಕಾಫಿ ಬಂತು. 3,75,000ಕ್ಕೆ ನಿಂತಿತು. ಮೊದಲ ಕಂತಿನ ಇನ್‌ವಾಯ್ಸ್ ಕಳಿಸಿದಾಗ ಫೋನ್ ಬಂತು, "ಜಿಎಸ್‌ಟಿ ಸೇರಿಸಿಯೇ ಅಲ್ವಾ ಮಾತಾಡಿದ್ದು?" 18 ಪರ್ಸೆಂಟ್ ಒಳಗೇ ಅಂದರೆ ನಮ್ಮ ಕೈಗೆ ಬರುವುದು 3,17,797. ಅದನ್ನು 180 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 1,765 ರೂಪಾಯಿ. ಆ ವರ್ಷ ನಾನು ಸಂಬಳ ತೆಗೆದುಕೊಳ್ಳಲಿಲ್ಲ. ಉಳಿದ ಇಬ್ಬರಿಗೆ ಕೊಟ್ಟೆ.

ಅಧ್ಯಕ್ಷರನ್ನು ನಾನು ಬೈಯುವುದಿಲ್ಲ. ಅವರು ಚೌಕಾಸಿ ಮಾಡಿದ್ದು ಬೆಲೆಯನ್ನು. ಕಡಿಮೆ ಮಾಡಿದ್ದು ನಾನು. ಆದರೆ ಬೆಲೆ ಕಡಿಮೆಯಾದಾಗ ಹಾಳೆಯಲ್ಲಿ ಒಂದು ದಿನವೂ ಕಡಿಮೆಯಾಗಲಿಲ್ಲ, ಒಂದು ಸ್ಕ್ರೀನೂ ಕಡಿಮೆಯಾಗಲಿಲ್ಲ. ದಿನ ಎಷ್ಟು ಅನ್ನುವುದು ಒಂದು ಪ್ರಶ್ನೆ. ಬೆಲೆ ಎಷ್ಟು ಅನ್ನುವುದು ಬೇರೆಯೇ ಪ್ರಶ್ನೆ. ಎರಡಕ್ಕೂ ಒಂದೇ ಹಾಳೆಯಲ್ಲಿ ಉತ್ತರ ಬರೆದದ್ದು ನನ್ನ ತಪ್ಪು.

ಈ ತಪ್ಪು ನಾನು ಮೊದಲು ಕೆಲಸ ಮಾಡಿದ ದೊಡ್ಡ ಕಂಪನಿಯಲ್ಲೇ ಕಲಿತದ್ದು ಅನಿಸುತ್ತದೆ. ಅಲ್ಲಿ ಒಂದು ಸಂಜೆ ಮ್ಯಾನೇಜರ್ ಬಂದು ಈ ಬಿಡ್ ಗೆಲ್ಲಬೇಕಾದರೆ 40 ಜನ-ತಿಂಗಳ ಒಳಗೆ ಇರಬೇಕು, ಎಸ್ಟಿಮೇಟ್ ಮಾಡಿಕೊಡಿ ಅಂದರು. ನಾವು ಲೆಕ್ಕ ಹಾಕಿದರೆ 62 ಬಂತು. ರಾತ್ರಿ ಹನ್ನೊಂದರವರೆಗೆ ಕೂತು ಅದನ್ನು 39.5 ಮಾಡಿದೆವು. 40 ಮಾಡಿದರೆ ಅನುಮಾನ ಬರುತ್ತದೆ, 39.5 ಅಂದರೆ ಲೆಕ್ಕ ಹಾಕಿದ ಹಾಗೆ ಕಾಣುತ್ತದೆ! ಉತ್ತರ ಮೊದಲೇ ಕೊಟ್ಟು ಲೆಕ್ಕ ಮಾಡಿಸುವುದನ್ನು ನಮ್ಮ ಶಾಲೆಯಲ್ಲಿ ಕಾಪಿ ಅನ್ನುತ್ತಿದ್ದರು.

ಕೆಲಸ ಎಳೆದಾಗ ಬರುವ ಸಲಹೆಯೂ ಎಲ್ಲ ಕಡೆ ಒಂದೇ. "ಇನ್ನಿಬ್ಬರನ್ನ ಹಾಕ್ಕೊಳ್ಳಿ." ಐಬಿಎಂನ ಓಎಸ್/360 ಅನ್ನುವ ಆಪರೇಟಿಂಗ್ ಸಿಸ್ಟಮ್ ಕೆಲಸ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿಟ್ಟಿದ್ದಾರೆ, ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಅಂತ. ನಾಲ್ಕು ಜನರ ನಡುವೆ ಮಾತಿನ ದಾರಿ 6. ಎಂಟು ಜನರಾದರೆ 28. ನಾವೂ ಒಬ್ಬ ಹುಡುಗನನ್ನು ಸೇರಿಸಿಕೊಂಡೆವು. ಅವನಿಗೆ ಅರ್ಕಾವತ್ತಿನ ಕಥೆ ಹೇಳುವುದರಲ್ಲೇ ಒಂದು ವಾರ ಹೋಯಿತು.

ಕನ್ನಡದಲ್ಲಿ ಅಂದಾಜು ಹೇಳುವುದು ಬೇರೆ, ಮಾತು ಕೊಡುವುದು ಬೇರೆ. ಯಾರಿಗೂ ಗೊಂದಲ ಇಲ್ಲ. ಆದರೆ ಅಂದಾಜನ್ನು ಲೆಟರ್‌ಹೆಡ್ಡಿನಲ್ಲಿ ಬರೆದು ಸೀಲು ಹೊಡೆದ ಕೂಡಲೇ ಅದು ಮಾತು ಕೊಟ್ಟ ಹಾಗಾಗುತ್ತದೆ. "ಸುಮ್ನೆ ರಫ್ ಆಗಿ ಹೇಳಿ ಸರ್, ಹಿಡ್ಕೊಳ್ಳಲ್ಲ" ಅನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಆ ಕ್ಷಣಕ್ಕೆ ಅದು ನಿಜವೇ. ಆಮೇಲೆ ಅವರು ಆ ಸಂಖ್ಯೆಯನ್ನು ತಮ್ಮ ಮೀಟಿಂಗಿನಲ್ಲಿ ಹೇಳುತ್ತಾರೆ. ಅಲ್ಲಿ 'ರಫ್ ಆಗಿ' ಅನ್ನುವುದು ಬಿದ್ದುಹೋಗುತ್ತದೆ. ನಡಾವಳಿ ಪುಸ್ತಕದಲ್ಲಿ ಸಂಖ್ಯೆ ಮಾತ್ರ ಇಳಿಯುತ್ತದೆ.

ಈಗ ನಾನು ಒಂದು ಸಂಖ್ಯೆ ಹೇಳುವುದಿಲ್ಲ. ನಾಲ್ಕರಿಂದ ಒಂಬತ್ತು ಲಕ್ಷ ಅನ್ನುತ್ತೇನೆ. ಮೊದಲ ಎರಡು ವಾರ ನಿಮ್ಮಲ್ಲಿ ಕೂತು ನೋಡುತ್ತೇನೆ, ಅದಕ್ಕೆ ಬೇರೆ ದುಡ್ಡು, ಆಮೇಲೆ ಅಂತರ ಕಿರಿದು ಮಾಡಿ ಹೇಳುತ್ತೇನೆ ಅನ್ನುತ್ತೇನೆ. ಅರ್ಧ ಜನ ಫೋನ್ ಇಟ್ಟುಬಿಡುತ್ತಾರೆ. ನೋಡುವುದಕ್ಕೂ ದುಡ್ಡಾ ಅಂತ ಒಬ್ಬರು ಕೇಳಿದರು. ಡಾಕ್ಟರಿಗೆ ಕೊಡಲ್ವಾ ಅಂದೆ. ನೀನು ಡಾಕ್ಟರಾ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮತ್ತೆ, ಹಾಳೆ ಮಾಡುವ ದಿನ ಆಫೀಸಿನಲ್ಲಿರುವ ಎಲ್ಲರನ್ನೂ ಕೂರಿಸಿಕೊಳ್ಳುತ್ತೇನೆ. ಆ ಹುಡುಗಿ ಈಗ ನಮ್ಮಲ್ಲಿ ಪೂರ್ತಿ ಕೆಲಸಕ್ಕಿದ್ದಾಳೆ. ಎಸ್ಟಿಮೇಟ್ ಅಂದರೆ ಎಲ್ಲರಿಗಿಂತ ದೊಡ್ಡ ಸಂಖ್ಯೆ ಅವಳದೇ.

ಆ ಪಿಗ್ಮಿ ಆ್ಯಪ್ ಈಗಲೂ ಓಡುತ್ತಿದೆ. ಊರಿಗೆ ಹೋದಾಗ ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಚೀಟಿ ಹರಿಯುವ ಸದ್ದು ಕೇಳಿದರೆ ತಿರುಗಿ ನೋಡುತ್ತೇನೆ. ದುರ್ಗಪ್ಪನ ಅರ್ಕಾವತ್ತು ಸರಿಯಾಗಿ ಕೂತಿರುತ್ತದೆ.

ಹೋದ ತಿಂಗಳು ಸೆಕ್ರೆಟರಿ ಫೋನ್ ಮಾಡಿದ್ದರು. ಪಕ್ಕದೂರಿನ ಸಣ್ಣ ಸಂಘವೊಂದು ಇವರಲ್ಲಿ ವಿಲೀನ ಆಗುತ್ತಿದೆಯಂತೆ. ಅವರ ಖಾತೆಗಳನ್ನೂ ಆ್ಯಪ್‌ಗೆ ಸೇರಿಸಬೇಕು.

"ಡೇಟಾ ಹೇಗಿದೆ?" ಅಂದೆ.

"ಎಲ್ಲಾ ಕಂಪ್ಯೂಟರಲ್ಲೇ ಇದೆ ಸರ್. ಎರಡು ದಿನದ ಕೆಲಸ."

"ಎರಡು ದಿನ ಅಂತ ಯಾರು ಹೇಳಿದ್ದು?"

ಆ ಕಡೆ ಹಾಳೆ ತಿರುವುವ ಸದ್ದು ಕೇಳಿಸಿತು. "ನೀವೇ ಅಲ್ವಾ ಸರ್. ನಿಮ್ಮ ಕೊಟೇಶನ್ ಫೈಲಲ್ಲೇ ಇದೆ ನೋಡಿ. ನಾಲ್ಕನೇ ಸಾಲು."